ಉಪಮೆಯ ಚಕ್ಕುಬಂದಿ

ಬೇರೆ ವೀರರು ಕತ್ತಿ ಹಿಡಿದು ರಾಜ್ಯ ಗೆದ್ದರು. ಅಜ್ಜಂಪುರದ ಷಣ್ಮುಖಪ್ಪ ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ ಹಿಡಿದು ಇಡೀ ತರೀಕೆರೆ ತಾಲ್ಲೂಕನ್ನು ಇಪ್ಪತ್ತು ವರ್ಷ ಅಳೆದ. ಆದರೂ ಅವನಿಗೆ ಯಾರೂ ಒಂದು ಹಾರ ಹಾಕಲಿಲ್ಲ.

ಸರ್ವೆ ಇಲಾಖೆಯಲ್ಲಿ ಅವನದು ಸರಪಳಿ ಎಳೆಯುವ ಕೆಲಸ. ಸರ್ವೆಯರ್ ಆದವನು ಛತ್ರಿಯ ನೆರಳಲ್ಲಿ ನಿಂತು ಪುಸ್ತಕದಲ್ಲಿ ಬರೆಯುತ್ತಾನೆ. ಸರಪಳಿಯವನು ಮುಳ್ಳು, ಕೆಸರು, ನಾಯಿ ಮತ್ತು ಜಮೀನಿನ ಯಜಮಾನತಿಯ ಬೈಗುಳ ಇಷ್ಟನ್ನೂ ದಾಟಿ ಹೊಲದ ಆಚೆ ತುದಿ ಮುಟ್ಟಿ, ಕಡ್ಡಿ ನೆಟ್ಟು, "ಆಯ್ತು ಸಾರ್" ಎಂದು ಕೂಗುತ್ತಾನೆ. ಷಣ್ಮುಖಪ್ಪನ "ಆಯ್ತು ಸಾರ್" ಎಂದರೆ ಆಯಿತು. ಅರ್ಧ ಅಂಗುಲ ಆಚೆಯಿಲ್ಲ, ಅರ್ಧ ಅಂಗುಲ ಈಚೆಯಿಲ್ಲ.

ಈ ಕರಾರುವಾಕ್ಕುತನ ಹೊಲದ ಬದುವಿನಲ್ಲೇ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಅದು ಅವನ ಜೊತೆ ಮನೆಗೂ ಬರುತ್ತಿತ್ತು. ಹೆಣ್ಣು ನೋಡಿ ಬಂದ ದಿನ ಸೋದರಮಾವ, "ಹೆಂಗಿದಾಳಪ್ಪಾ ಹುಡ್ಗಿ?" ಎಂದು ಕೇಳಿದ್ದಕ್ಕೆ, "ಐದಡಿ ಒಂದಿಂಚು ಇರ್ಬೋದು. ಕೂತಿದ್ರು, ಸರಿಯಾಗಿ ಹೇಳಕ್ಕಾಗಲ್ಲ" ಎಂದಿದ್ದ. ಮದುವೆಯಾದ ಮೇಲೆ ಆ ಹುಡುಗಿ, ಅಂದರೆ ತೀರ್ಥಮ್ಮ, ಮೊದಲ ಸಲ ಹುಳಿ ಬಡಿಸಿ "ಹೆಂಗಿದೆ?" ಎಂದಾಗ ಆತ ಬಹಳ ಯೋಚಿಸಿ, "ಹುಳಿ ಥರ ಇದೆ" ಎಂದ. ಷಣ್ಮುಖಪ್ಪನ ಲೋಕದಲ್ಲಿ ಪ್ರತಿಯೊಂದು ವಸ್ತುವೂ ತನ್ನ ತನ್ನ ಸರ್ವೆ ನಂಬರಿನೊಳಗೆ ತೆಪ್ಪಗೆ ಕೂತಿರುತ್ತಿತ್ತು. ಒಂದರ ಮೇಲೆ ಇನ್ನೊಂದು ಕಾಲಿಟ್ಟರೆ ಅದು ಒತ್ತುವರಿ.

ಇಂಥ ಮನುಷ್ಯನ ಹಾದಿಗೆ ಅಲಂಕಾರಶಾಸ್ತ್ರ ಅಡ್ಡ ಬಂದು ಮಲಗಿತು.

ಎಸ್ಸೆಸ್ಸೆಲ್ಸಿ ಪಾಸಾದ ಸರಪಳಿಯವರಿಗೆ ಸರ್ವೆಯರ್ ಆಗಿ ಬಡ್ತಿ ಉಂಟು. ಷಣ್ಮುಖಪ್ಪ ಖಾಸಗಿಯಾಗಿ ಕಟ್ಟಿ, ಗಣಿತವನ್ನು ಒಂದೇ ಏಟಿಗೆ ಗೆದ್ದ. ವಿಜ್ಞಾನ ಶರಣಾಯಿತು. ಇಂಗ್ಲಿಷು ಕೂಡ ಎರಡನೆಯ ಸಲಕ್ಕೆ ಮಂಡಿಯೂರಿತು. ಸೋಲದೆ ಉಳಿದದ್ದು ಕನ್ನಡ ಒಂದೇ. ಹುಟ್ಟಿದಾಗಿನಿಂದ ಆಡಿದ, ಕನಸಿನಲ್ಲೂ ಕಂಡ, ನಾಯಿ ಓಡಿಸಲು ಬಳಸಿದ ಅದೇ ಕನ್ನಡದಲ್ಲಿ ಅವನು ಆರು ಸಲ ನಪಾಸಾದ. ಪಾಸಾಗಲು ಮೂವತ್ತೈದು ಬೇಕು. ಅವನಿಗೆ ಬಂದದ್ದು ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು, ಆಮೇಲೆ ಮೂರು ಸಲ ಸತತವಾಗಿ ಮೂವತ್ತನಾಲ್ಕು. ಪ್ರತಿ ಸಲವೂ ಕೈಕೊಟ್ಟದ್ದು ಅಲಂಕಾರದ ನಾಲ್ಕು ಅಂಕದ ಪ್ರಶ್ನೆ.

"'ಅವಳ ಮುಖ ಚಂದ್ರನಂತಿದೆ': ಅಲಂಕಾರವನ್ನು ಹೆಸರಿಸಿ ಸಮನ್ವಯಿಸಿ" ಎಂಬ ಪ್ರಶ್ನೆಗೆ ಅವನು ಮೊದಲ ಸಲ ಬರೆದ ಉತ್ತರ: "ಇಲ್ಲ." ಎರಡನೆಯ ಸಲ: "ಅಳತೆಗೆ ತಾಳೆಯಾಗುವುದಿಲ್ಲ." ಒಮ್ಮೆ ಸ್ವಂತ ಉದಾಹರಣೆ ಕೊಡಿ ಎಂದು ಕೇಳಿದ್ದರು. ಬಹಳ ಹೊತ್ತು ಪೆನ್ನು ಕಚ್ಚಿ, "ಕೆರೆಯು ಕೆರೆಯಂತಿದೆ" ಎಂದು ಬರೆದು, ಇದರಲ್ಲಿ ಯಾರೂ ತಪ್ಪು ಹುಡುಕಲಾರರು ಎಂದು ಎದೆಯುಬ್ಬಿಸಿ ಹೊರಬಂದ. ಸೊನ್ನೆ ಬಂತು.

ಎಪ್ಪತ್ತೆಂಟನೇ ಇಸವಿಯ ಕೊನೆಗೆ ಒಂದು ಆದೇಶ ಬಂತು. ಮುಂದಿನ ಜೂನ್ ಒಳಗೆ ಪಾಸಾದವರಿಗೆ ಮಾತ್ರ ಬಡ್ತಿ, ಆಮೇಲೆ ಆ ಜಾಗಕ್ಕೆ ಹೊರಗಿನವರು. ಷಣ್ಮುಖಪ್ಪನಿಗೆ ನಲವತ್ತೊಂದು ವರ್ಷ. ಈ ಏಪ್ರಿಲ್ ತಪ್ಪಿದರೆ ನಿವೃತ್ತಿಯವರೆಗೂ ಸರಪಳಿ. ಇಪ್ಪತ್ತು ವರ್ಷ ಅಳತೆ ಅವನದು, ಬರವಣಿಗೆ ಇನ್ನೊಬ್ಬರದು. ಒಂದೇ ಒಂದು ಸಲ ಛತ್ರಿಯ ಕೆಳಗೆ ನಿಂತು, ತಾನು ಅಳೆದದ್ದನ್ನು ತಾನೇ ಬರೆಯಬೇಕು. ಅವನಿಗೆ ಇದ್ದ ಆಸೆ ಅದೊಂದೇ.

"ಏನ್ ಷಣ್ಮುಖಪ್ಪಾ, ಏಳನೇ ದಂಡಯಾತ್ರೆನಾ?" ಎಂದ ಸರ್ವೆಯರ್ ಓಂಕಾರಮೂರ್ತಿ. ಇಪ್ಪತ್ತಮೂರರ ಹುಡುಗ, ಕನ್ನಡದಲ್ಲಿ ಎಂಬತ್ತೊಂದು ಅಂಕ. "ಮುಖ ಚಂದ್ರನ ಥರ ಅಂತ ಒಪ್ಕೊಂಡ್ಬಿಡಪ್ಪ. ನಿಂಗೇನ್ ಗಂಟು ಹೋಗುತ್ತೆ?"

"ಒಪ್ಕೊಂಡು ರುಜು ಹಾಕ್ಬೇಕಲ್ಲ ಸಾರ್. ನೋಡಿ ಹೇಳಿ, ಮುಖಕ್ಕೆ ಮೂಗಿದೆ. ಚಂದ್ರಂಗೆ?"

ಓಂಕಾರಮೂರ್ತಿ ಛತ್ರಿ ಬಿಚ್ಚಿ ಮುಂದೆ ನಡೆದ.

ಕೊನೆಗೆ ಷಣ್ಮುಖಪ್ಪ ಅಜ್ಜಂಪುರದಲ್ಲಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಿದ್ದ ಶರೀಫುನ್ನೀಸಾ ಮೇಡಂ ಬಳಿ ಹೋದ. ಅವರ ಮನೆಮಂದಿಗೆಲ್ಲ ಅವನು ಗೊತ್ತು. ಹಿಂದೊಮ್ಮೆ ಮನೆ ನಿವೇಶನ ಅಳೆಯಲು ಹೋದಾಗ, ಮೇಡಂ ಅವರ ತಂದೆ ಗುಲಾಮ್ ಮೊಹಿದ್ದೀನ್ ಸಾಹೇಬರು ತಟ್ಟೆ ತುಂಬ ಬಿಸ್ಕತ್ತು ಇಟ್ಟು ಉಪಚರಿಸಿದ್ದರು. ಅದನ್ನು ತಿನ್ನುತ್ತಲೇ ಷಣ್ಮುಖಪ್ಪ, "ಸಾಹೇಬ್ರೆ, ನಿಮ್ಮ ಕಾಂಪೌಂಡು ಒಂದೂವರೆ ಅಡಿ ಬೀದಿಯೊಳಗೆ ನಿಂತಿದೆ" ಎಂದು ಹೇಳಿ, ಅದನ್ನೇ ಬರೆಸಿ, ಇನ್ನೊಂದು ಬಿಸ್ಕತ್ತು ತೆಗೆದುಕೊಂಡು ಹೋಗಿದ್ದ. ಸಾಹೇಬರು ಒಂದು ವರ್ಷ ಅವನ ಸಲಾಮಿಗೆ ಸಲಾಮು ಕೊಡಲಿಲ್ಲ. ಮಗಳು ಮಾತ್ರ ಅಂದಿನಿಂದ ಅವನನ್ನು ಕಂಡರೆ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು.

"ಬನ್ನಿ ಷಣ್ಮುಖಪ್ಪನವರೇ. ದಿನಾ ನಾಲ್ಕೂವರೆಗೆ. ಶಾಲೆ ಜಗುಲಿ ಮೇಲೆ" ಎಂದರು ಮೇಡಂ.

ಮೊದಲ ಎಂಟು ದಿನದ ಯುದ್ಧವನ್ನು ವರ್ಣಿಸಲು ಬೇರೆ ಗ್ರಂಥವೇ ಬೇಕು. ಮೇಡಂ ಚಂದ್ರನನ್ನು ಬಿಟ್ಟು ಕಮಲಕ್ಕೆ ಬಂದರು. "ಕಣ್ಣು ಕಮಲದಂತಿದೆ." ಷಣ್ಮುಖಪ್ಪ ಕೇಳಿದ: "ಕಣ್ಣು ನೀರಲ್ಲಿದ್ರೆ ಉರಿಯಲ್ವಾ ಮೇಡಂ?" ಕಮಲ ಬಿಟ್ಟು ಸಿಂಹಕ್ಕೆ ಹೋದರು. "ರಾಜ ಸಿಂಹದಂತೆ ಗರ್ಜಿಸಿದ." "ಯಾರಾದ್ರೂ ಪಕ್ಕದಲ್ಲಿ ನಿಂತು ಕೇಳಿದಾರಾ? ಸಾಕ್ಷಿ ರುಜು ಇದೆಯಾ?" ಎಂಟನೆಯ ದಿನ ಮೇಡಂ ಸೀಮೆಸುಣ್ಣವನ್ನು ಎರಡು ತುಂಡು ಮಾಡಿದರು.

"ಅಯ್ಯೋ ಅಲ್ಲಾ! ಮೂವತ್ತು ವರ್ಷದಿಂದ ಕತ್ತೆಗಳಿಗೂ ಪಾಠ ಹೇಳಿದೀನಿ ಕಣ್ರೀ."

"ನಾಲ್ಕು ಕಾಲಿನವಾ ಮೇಡಂ?" ಎಂದ ಷಣ್ಮುಖಪ್ಪ, ಬಹಳ ಗೌರವದಿಂದ.

ಒಂಬತ್ತನೆಯ ದಿನ ಮೇಡಂ ಪುಸ್ತಕ ತೆರೆಯಲಿಲ್ಲ. ಸುಮ್ಮನೆ ಕೇಳಿದರು: "ಒಂದು ಜಮೀನು ಇಂಥದ್ದೇ ಅಂತ ಕಾಗದದಲ್ಲಿ ಹೆಂಗೆ ಗುರುತು ಹೇಳ್ತೀರಿ?"

ಬಾಡಿದ್ದ ಮುಖ ಅರಳಿತು. "ಚಕ್ಕುಬಂದಿ ಬರೀಬೇಕು ಮೇಡಂ! ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ್ದು, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು. ನಾಲ್ಕು ದಿಕ್ಕೂ ಬರೆದ್ರೆ ಜಮೀನು ಎಲ್ಲೂ ಓಡಿಹೋಗಲ್ಲ."

ಮೇಡಂ ನೆಲದ ಮೇಲೆ ಒಂದು ಚೌಕ ಬರೆದರು. "ಇದು ಉಪಮಾಲಂಕಾರ. ಇದಕ್ಕೂ ನಾಲ್ಕೇ ದಿಕ್ಕು. ಪೂರ್ವಕ್ಕೆ ಉಪಮೇಯ, ಅಂದ್ರೆ ನಾವು ವರ್ಣಿಸೋ ವಸ್ತು, ಮುಖ. ಪಶ್ಚಿಮಕ್ಕೆ ಉಪಮಾನ, ಯಾವುದಕ್ಕೆ ಹೋಲಿಸ್ತೀವೋ ಅದು, ಚಂದ್ರ. ಉತ್ತರಕ್ಕೆ ವಾಚಕ ಪದ: ಅಂತೆ, ಹಾಗೆ, ಥರ. ದಕ್ಷಿಣಕ್ಕೆ ಸಮಾನ ಧರ್ಮ, ಎರಡರಲ್ಲೂ ಇರೋ ಗುಣ. ಕಾಂತಿ."

ಷಣ್ಮುಖಪ್ಪ ಚೌಕದ ಸುತ್ತ ಒಂದು ಸುತ್ತು ಬಂದ. ಆಮೇಲೆ ಕುಕ್ಕುರುಗಾಲಲ್ಲಿ ಕೂತ.

"ಮುಖಾನೂ ಚಂದ್ರಾನೂ ಒಂದೇ ಅಂತ ಅಲ್ವಾ ಮೇಡಂ ಇದು?"

"ಯಾರಪ್ಪಾ ಹೇಳ್ದೋರು ಒಂದೇ ಅಂತ? ಎರಡು ಹೊಲ ಪಕ್ಕಪಕ್ಕ ಇವೆ. ಮಧ್ಯೆ ಒಂದು ಬದು ಇದೆ. ಅವೆರಡೂ ತಾಗೋದು ಆ ಒಂದು ಬದುವಿನಲ್ಲಿ ಮಾತ್ರ. ಮಿಕ್ಕ ಕಡೆ ಅವನ ರಾಗಿ ಅವನದು, ಇವನ ಜೋಳ ಇವನದು."

ಎಲ್ಲೋ ದೂರದಲ್ಲಿ ಬೀರೂರು ಕಡೆಯ ರೈಲು ಕೂಗಿತು. ಷಣ್ಮುಖಪ್ಪನೊಳಗೆ ಇಪ್ಪತ್ತು ವರ್ಷದಿಂದ ಹೂತುಹೋಗಿದ್ದ ಒಂದು ಗಡಿಯ ಬಾಂದುಕಲ್ಲು ಮಣ್ಣು ಕೊಡವಿಕೊಂಡು ಎದ್ದು ನಿಂತಿತು.

"ಹಂಗಾದ್ರೆ ಮೇಡಂ," ಎಂದ, "ನಾಲ್ಕರಲ್ಲಿ ಒಂದು ಇಲ್ದೇ ಇದ್ರೆ?"

"ಲುಪ್ತೋಪಮೆ."

"ಒಂದು ಬಾಂದುಕಲ್ಲು ಕಿತ್ತೋಗಿರೋ ಹೊಲ! ಮತ್ತೆ, ಯಾರಾದ್ರೂ ಆ ಬದೂನೇ ಉತ್ತು ಹಾಕಿ, ಎರಡೂ ಒಂದೇ ಹೊಲ ಅಂದ್ಬಿಟ್ರೆ?"

"'ಮುಖಚಂದ್ರ.' ಉಪಮೇಯ ಉಪಮಾನಕ್ಕೆ ಭೇದವೇ ಇಲ್ಲ. ರೂಪಕ."

"ಒತ್ತುವರಿ!" ಷಣ್ಮುಖಪ್ಪ ಎದ್ದು ನಿಂತ. "ಕಾಗದ ಪತ್ರ ಏನೂ ಇಲ್ಲ, ಆದ್ರೂ ಇದು ನಂದೇ ಇರ್ಬೇಕು ಅಂತ ಕಲ್ಪಿಸ್ಕೊಂಡು ಬೇಲಿ ಹಾಕಿದ್ರೆ?"

"'ಇದು ಚಂದ್ರನೋ ಏನೋ ಎಂಬಂತೆ.' ಉತ್ಪ್ರೇಕ್ಷೆ."

"ಪಕ್ಕದ ಹೊಲದೋನು ಇಡೀ ಹೊಲ ನುಂಗಿ, ಪಹಣಿಯಲ್ಲಿ ಮೊದಲನೇ ಯಜಮಾನನ ಹೆಸರೇ ಇಲ್ಲ ಅನ್ಸಿದ್ರೆ?"

"ಅತಿಶಯೋಕ್ತಿ" ಎಂದ ಶರೀಫುನ್ನೀಸಾ ಮೇಡಂಗೆ ನಗು ತಡೆಯಲಾಗಲಿಲ್ಲ. "ನಡೀರಿ ಮನೆಗೆ, ಇವತ್ತಿಗೆ ಸಾಕು. ನಂಗೇ ತಲೆ ತಿರುಗ್ತಾ ಇದೆ."

ಷಣ್ಮುಖಪ್ಪ ಮನೆಗೆ ನಡೆದದ್ದು ದಿಗ್ವಿಜಯದಿಂದ ಮರಳುವ ಚಕ್ರವರ್ತಿಯ ಗತ್ತಿನಲ್ಲಿ. ಮನೆಯಲ್ಲಿ ಅವನಿಗಾಗಿ ಒಂದು ಅಕ್ಷಯ ಭಂಡಾರ ಕಾದಿತ್ತು. ಇಷ್ಟು ವರ್ಷ ಅದು ಕಿವಿಗೆ ಬಿದ್ದಿತ್ತೇ ಹೊರತು ಅರ್ಥವಾಗಿರಲಿಲ್ಲ. ಅದು ತೀರ್ಥಮ್ಮನ ಬಾಯಿ.

ಮಾರನೆಯ ಬೆಳಗ್ಗೆ ತೀರ್ಥಮ್ಮ, "ಎಮ್ಮೆ ಥರ ಬಿದ್ಕಂಡಿದೀರಲ್ರೀ, ಏಳ್ರೀ!" ಎಂದಳು. ಷಣ್ಮುಖಪ್ಪ ಚಾಪೆಯಿಂದ ಚಿಮ್ಮಿ ಎದ್ದು ಅಳತೆ ಪುಸ್ತಕ ತೆಗೆದ. ಪೂರ್ವಕ್ಕೆ ನಾನು. ಪಶ್ಚಿಮಕ್ಕೆ ಎಮ್ಮೆ. ಉತ್ತರಕ್ಕೆ "ಥರ". ದಕ್ಷಿಣಕ್ಕೆ ಬಿದ್ದುಕೊಳ್ಳುವಿಕೆ. ನಾಲ್ಕೂ ಕಲ್ಲು ಭದ್ರ!

"ಪೂರ್ಣೋಪಮೆ ಕಣೇ ತೀರ್ಥಾ! ಇನ್ನೊಂದು ಹೇಳು."

"ಏನ್ ಹೇಳ್ಲಿ? ಒಳ್ಳೆ ದೆವ್ವ ಬಡ್ಕೊಂಡೋರ ಹಂಗೆ ಆಡ್ತೀರ!"

ಅದನ್ನೂ ಬರೆದುಕೊಂಡ. ಒಂದು ವಾರದಲ್ಲಿ ಪುಸ್ತಕದ ಅರ್ಧ ತುಂಬಿತು. ಎಂಟನೆಯ ದಿನ ತೀರ್ಥಮ್ಮನಿಗೆ ವಿಷಯ ತಿಳಿಯಿತು. ತಾನು ಹೊಟ್ಟೆಯುರಿದು ಬೈದದ್ದೆಲ್ಲ ಪಟ್ಟಿಯಾಗಿ, ನಂಬರು ಹಾಕಿಸಿಕೊಂಡು, ಶಾಲೆಯ ಜಗುಲಿಗೆ ಹೋಗಿ ಮೇಡಂ ಕೈಯಲ್ಲಿ ಸರಿ ಗುರುತು ಪಡೆದು ಬರುತ್ತಿದೆ! ಆಕೆ ಅಸಹಕಾರ ಹೂಡಿದಳು. ಉಪಮಾನ ಪೂರ್ತಿ ಬಂದ್.

"ಊಟ ಇದೆ. ತಿನ್ನಿ."

"ತೀರ್ಥಾ, ಹೊರಗೆ ಬಿಸಿಲು ಹೆಂಗಿದೆ?"

"ಇದೆ."

ಮೂರು ದಿನ ಹೀಗೇ ನಡೆಯಿತು. ಪರೀಕ್ಷೆಗೆ ಎರಡೇ ವಾರ ಉಳಿದು, ಬಾವಿ ಬತ್ತಿದ್ದನ್ನು ಕಂಡು ಷಣ್ಮುಖಪ್ಪ ಕಂಗಾಲಾದ. ಹಿಂದೆ ತಾನು ಹೆಂಡತಿಗೆ "ಹುಳಿ ಥರ ಇದೆ" ಎಂದು ಬಡಿಸಿದ್ದು ಇದೇ ಒಣ ಊಟವೆಂದು ಅವನಿಗೆ ಈಗ ಹೊಳೆಯಿತು. ನಾಲ್ಕನೆಯ ದಿನ ಒಲೆಯ ಮುಂದೆ ಕೂತು ಹೇಳಿದ: "ಬೈಯಮ್ಮ ತಾಯಿ. ನೀನು ಬೈದಂಗೆ ಬೇರೆ ಯಾರೂ ಬೈಯಲ್ಲ. ಬೈದೇ ಇದ್ರೆ ನಾನು ಸರಪಳಿ ಎಳ್ಕೊಂಡೇ ಸಾಯ್ತೀನಿ."

ತೀರ್ಥಮ್ಮ ಸೌದೆ ಮುಂದೂಡಿ ಅವನ ಕಡೆ ತಿರುಗಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಗಂಡ ತನ್ನ ಮಾತಿಗಾಗಿ ಬೇಡುತ್ತಿದ್ದ. ಅವಳ ಕೋಪ ಕರಗಿತು. ಆದರೆ ಹಾಗೆಂದು ತೋರಿಸಿಕೊಳ್ಳುವ ಹೆಂಗಸಲ್ಲ.

"ನೀವೊಂದು ಕಲ್ಲು ಕಣ್ರೀ. ಬರೀ ಕಲ್ಲು!"

ಷಣ್ಮುಖಪ್ಪನ ಕಣ್ಣು ಅಗಲವಾಯಿತು. ಅಂತೆಯಿಲ್ಲ, ಹಾಗೆಯಿಲ್ಲ, ಥರವಿಲ್ಲ. ಬದು ಕಿತ್ತು ಹೋಗಿದೆ! ಇಷ್ಟು ವರ್ಷ ಉಪಮೆಯಲ್ಲೇ ಕೊಳೆಯುತ್ತಿದ್ದವನಿಗೆ ಹೆಂಡತಿ ಒಂದೇ ಏಟಿಗೆ ರೂಪಕಕ್ಕೆ ಬಡ್ತಿ ಕೊಟ್ಟಿದ್ದಳು. ಅಂದು ಅವನು ಎರಡು ಮುದ್ದೆ ಹೆಚ್ಚು ಉಂಡ.

ಏಪ್ರಿಲಿನಲ್ಲಿ ರೈಲು ಹತ್ತಿ ಕಡೂರಿಗೆ ಹೋದ. ಪರೀಕ್ಷೆಯ ಕೋಣೆಯಲ್ಲಿ ಮೀಸೆ ಮೂಡದ ಹುಡುಗರ ನಡುವೆ, ಅರ್ಧ ನರೆತ ತಲೆಯ ನಮ್ಮ ವೀರ ಮೊಣಕಾಲು ಡೆಸ್ಕಿಗೆ ತಾಗಿಸಿಕೊಂಡು ಕೂತ. ಪತ್ರಿಕೆ ಬಂತು. ಅವನು ನೇರ ಅಲಂಕಾರದ ಪ್ರಶ್ನೆಗೆ ಹೋದ.

"'ಕೆರೆಯು ಸಮುದ್ರದಂತೆ ವಿಶಾಲವಾಗಿತ್ತು': ಅಲಂಕಾರವನ್ನು ಹೆಸರಿಸಿ, ಸಮನ್ವಯಿಸಿ."

ಷಣ್ಮುಖಪ್ಪ ಪೆನ್ನು ಕೆಳಗಿಟ್ಟ. ಚಂದ್ರ ಬಂದಿದ್ದರೆ ಸುಲಭವಿತ್ತು. ಕಮಲ, ಸಿಂಹ, ಏನು ಬಂದಿದ್ದರೂ ಕಣ್ಣು ಮುಚ್ಚಿ ಬರೆಯುತ್ತಿದ್ದ. ಆದರೆ ಕೆರೆ ಅವನ ಇಲಾಖೆಗೆ ಸೇರಿದ್ದು! ಯಾವ ಊರಿನ ಕೆರೆ? ಸರ್ವೆ ನಂಬರು ಎಷ್ಟು? ಎದ್ದು ನಿಂತು ಕೈ ಎತ್ತಿದ.

"ಸಾರ್, ಸಮುದ್ರದ ಅಳತೆ ಎಷ್ಟು ಅಂತ ಕೊಟ್ಟಿಲ್ಲ."

ಮೇಲ್ವಿಚಾರಕರು ಅವನನ್ನು ಯಾರೋ ಹುಡುಗನ ತಂದೆ ಎಂದುಕೊಂಡಿದ್ದರು. "ಕೂತ್ಕೊಳಪ್ಪಾ. ಕನ್ನಡ ಪರೀಕ್ಷೆ ಇದು" ಎಂದರು.

ಕೂತ. ಅವನಿಗೆ ಪೂರ್ತಿ ಗೊತ್ತಿದ್ದ ಕೆರೆ ಬುಕ್ಕಾಂಬುಧಿಯದು. ಅದನ್ನು ಹಿಂದೊಮ್ಮೆ ಅವನೇ ಎಕರೆ ಗುಂಟೆ ಸಮೇತ ಅಳೆದಿದ್ದ. ಸಮುದ್ರವನ್ನು ಅವನು ಕಂಡೇ ಇರಲಿಲ್ಲ. ಕಾಣದ ಜಮೀನಿಗೆ ರುಜು ಹಾಕುವುದು ಹೇಗೆ? ಒಂದು ಕಡೆ ಛತ್ರಿ, ಇನ್ನೊಂದು ಕಡೆ ಆತ್ಮಸಾಕ್ಷಿ. ಆ ಕಾಲು ಗಂಟೆ ಕಡೂರಿನ ಆ ಡೆಸ್ಕಿನ ಮೇಲೆ ನಡೆದ ಕಾಳಗಕ್ಕೆ ಸಾಟಿಯಿಲ್ಲ.

ಆಗ ಅವನಿಗೆ ಆ ಅಳತೆಯ ದಿನ ನೆನಪಾಯಿತು. ಬೆಳಗ್ಗೆ ಏರಿ ಹತ್ತಿ ನಿಂತಾಗ ಕೆರೆ ಕೋಡಿಯವರೆಗೆ ತುಂಬಿತ್ತು. ಸರಪಳಿ ಬಿಚ್ಚುವ ಮುಂಚೆ, ಒಂದೇ ಒಂದು ಗಳಿಗೆ, ಅವನ ಎದೆಯಲ್ಲಿ ಏನೋ ಅಗಲವಾದ ಹಾಗಾಗಿತ್ತು. ಅದಕ್ಕೆ ಹೆಸರು ತಿಳಿಯಲಿಲ್ಲ. ಅಳತೆ ಪುಸ್ತಕದಲ್ಲಿ ಅದನ್ನು ಬರೆಯುವ ಕಾಲಮ್ಮೂ ಇರಲಿಲ್ಲ. "ಆಯ್ತು ಸಾರ್" ಎಂದು ಕೂಗಿ ಅದನ್ನು ಅಲ್ಲೇ ಬಿಟ್ಟು ಬಂದಿದ್ದ. ಈಗ ತಿಳಿಯಿತು. ಅದೇ ದಕ್ಷಿಣದ ದಿಕ್ಕು. ಅದೇ ಬದು. ಕೆರೆಗೂ ಸಮುದ್ರಕ್ಕೂ ತಾಗುವ ಆ ಒಂದು ಬದುವಿನ ಮೇಲೆ ಅವನು ಖುದ್ದಾಗಿ ನಿಂತಿದ್ದ.

ಷಣ್ಮುಖಪ್ಪ ಸ್ಕೇಲು ಇಟ್ಟು ಚೌಕ ಎಳೆದು, ಬಾಣದ ಗುರುತು ಹಾಕಿ ಉತ್ತರ ದಿಕ್ಕು ತೋರಿಸಿ, ಬರೆದ:

"ಪೂರ್ವಕ್ಕೆ: ಕೆರೆ (ಉಪಮೇಯ). ಪಶ್ಚಿಮಕ್ಕೆ: ಸಮುದ್ರ (ಉಪಮಾನ). ಉತ್ತರಕ್ಕೆ: ಅಂತೆ (ವಾಚಕ ಪದ). ದಕ್ಷಿಣಕ್ಕೆ: ವಿಶಾಲತೆ (ಸಮಾನ ಧರ್ಮ). ನಾಲ್ಕೂ ಕಲ್ಲು ಸ್ಥಳದಲ್ಲಿವೆ. ಮಧ್ಯದ ಬದು ಭದ್ರವಾಗಿರುವುದರಿಂದ ರೂಪಕವಲ್ಲ. ಕೆರೆಯನ್ನು ನಾನೇ ಅಳೆದಿದ್ದೇನೆ. ಸಮುದ್ರದ ಅಳತೆ ಲಭ್ಯವಿಲ್ಲ. ಆದರೂ ಏರಿಯ ಮೇಲೆ ನಿಂತಾಗ ಹಾಗೆ ಅನ್ನಿಸಿದ್ದು ನಿಜ. ಆದುದರಿಂದ, ಮುಂದೆ ತಕರಾರು ಬಂದಲ್ಲಿ ಮರು ಅಳತೆಗೆ ಒಳಪಟ್ಟು, ಇದು ಉಪಮಾಲಂಕಾರ."

ಅಭ್ಯಾಸ ಬಲದಿಂದ ಕೆಳಗೆ ರುಜು ಹಾಕಲು ಹೋಗಿ, ಉತ್ತರ ಪತ್ರಿಕೆಯಲ್ಲಿ ಹೆಸರು ಬರೆಯಬಾರದೆಂದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ.

ಆ ಉತ್ತರವನ್ನು ತಿದ್ದಿದ ಮಹಾನುಭಾವರು ಯಾರೋ, ಎಲ್ಲಿಯವರೋ ತಿಳಿಯದು. ಫಲಿತಾಂಶದ ದಿನ ಅಂಕಪಟ್ಟಿಯಲ್ಲಿ ಕನ್ನಡದ ಎದುರು ಮೂವತ್ತೈದು ಇತ್ತು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಷಣ್ಮುಖಪ್ಪನಿಗೆ ಅದು ಬಹಳ ಹಿಡಿಸಿತು.

ಸಿಹಿ ಕೊಡಲು ಹೋದಾಗ ಮೇಡಂ ಒಂದು ಗುಟ್ಟು ಬಿಟ್ಟುಕೊಟ್ಟರು. "ನೀವು ಹಿಂದೆ 'ಕೆರೆ ಕೆರೆಯಂತಿದೆ' ಅಂತ ಬರೆದು ಸೊನ್ನೆ ತಗೊಂಡಿರಲ್ಲ? ಅದಕ್ಕೂ ಶಾಸ್ತ್ರದಲ್ಲಿ ಹೆಸರಿದೆ. ಅನನ್ವಯ. ಒಂದು ವಸ್ತುವಿಗೆ ಅದೇ ಸಾಟಿ, ಬೇರೆ ಯಾವುದೂ ಇಲ್ಲ ಅನ್ನೋದು. ಬಹಳ ದೊಡ್ಡ ಹೊಗಳಿಕೆ ಅದು. ನಿಮ್ಮ ಪಠ್ಯದಲ್ಲಿ ಇರಲಿಲ್ಲ, ಅಷ್ಟೇ."

ಷಣ್ಮುಖಪ್ಪ ಲಾಡಿನ ಪೊಟ್ಟಣ ಹಿಡಿದು ನಿಂತೇ ಬಿಟ್ಟ. ಅಂದರೆ ಆ ಹುಳಿಗೆ ಅವನು ಹೇಳಿದ್ದು?

ಜುಲೈಯಲ್ಲಿ ಸರ್ವೆಯರ್ ಷಣ್ಮುಖಪ್ಪ ಹೊಸ ಕಪ್ಪು ಛತ್ರಿ ಬಿಚ್ಚಿ ಲಿಂಗದಹಳ್ಳಿ ಕಡೆ ಮೊದಲ ಅಳತೆಗೆ ನಿಂತ. ತಕರಾರು ಈರಪ್ಪನಿಗೂ ದೇವೀರಪ್ಪನಿಗೂ. ಎರಡು ಹೊಲದ ನಡುವಿನ ಬದು ಮಾಯವಾಗಿತ್ತು. ಹೊಸ ಸರಪಳಿಯವನು ಆಚೆ ತುದಿಯಿಂದ "ಆಯ್ತು ಸಾರ್" ಎಂದ. ಷಣ್ಮುಖಪ್ಪ ಬರೆದು ಮುಗಿಸಿ, ತಲೆ ಎತ್ತಿ ತೀರ್ಪು ಕೊಟ್ಟ.

"ಇಲ್ಲಿ ಮೊದಲು ಉಪಮೆ ಇತ್ತು. ಈರಪ್ಪ ಅದನ್ನ ರೂಪಕ ಮಾಡಿದಾನೆ."

ಈರಪ್ಪನ ಮುಖ ಬಿಳುಚಿತು. "ಸ್ವಾಮೀ, ದೇವ್ರಾಣೆ ನಾನು ರೂಪಕ ಗೀಪಕ ಏನೂ ಮಾಡಿಲ್ಲ! ನೇಗಿಲು ಹೊಡ್ದೆ, ಅಷ್ಟೇ."

"ಸುಳ್ಳು ಸ್ವಾಮಿ!" ದೇವೀರಪ್ಪ ಕೂಗಿದ. "ಮೂರು ವರ್ಷದಿಂದ ಮಾಡ್ತಾನೇ ಅವ್ನೆ, ನಾನೇ ಕಣ್ಣಾರೆ ನೋಡೀನಿ! ಬೆಳ್ಬೆಳಗ್ಗೆ ಎದ್ದು ರೂಪಕ ಮಾಡ್ತಾನೆ!"

ಎರಡು ಕಲ್ಲು ನೆಟ್ಟು, ಬದು ಕಟ್ಟಿಸಿ, ಉಪಮೆಯನ್ನು ಮರುಸ್ಥಾಪಿಸಿ ಷಣ್ಮುಖಪ್ಪ ಹೊರಟ. ಆ ಸೀಮೆಯಲ್ಲಿ ಬಹಳ ವರ್ಷ ಜನ ಜಗಳವಾಡುವಾಗ, "ಲೇ, ನನ್ನ ಬದುವಿನ ಹತ್ರ ರೂಪಕ ಮಾಡಕ್ಕೆ ಬಂದ್ರೆ ಕಾಲು ಮುರೀತೀನಿ" ಎನ್ನುತ್ತಿದ್ದರು.

ಸಂಜೆ ಅಜ್ಜಂಪುರದ ಮನೆಯ ಬಾಗಿಲಲ್ಲಿ ತೀರ್ಥಮ್ಮ ನಿಂತಿದ್ದಳು. ಗಂಡನ ಕೈಯಲ್ಲಿ ಛತ್ರಿ, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ಪುಸ್ತಕ. ಅವಳು ಅಡಿಯಿಂದ ಮುಡಿಯವರೆಗೆ ಅವನನ್ನು ನೋಡಿದಳು.

"ಹೆಂಗಿದೀನಿ?" ಎಂದು ಕೇಳಿ, ಷಣ್ಮುಖಪ್ಪ ಪೆನ್ನು ತೆಗೆದು ಕಾದ. ಮಂತ್ರಿ ಬರಬಹುದು, ಮದುಮಗ ಬರಬಹುದು, ಕೊನೆಗೆ ಛತ್ರಿ ಹಿಡಿದ ಎಮ್ಮೆಯಾದರೂ ಬರಬಹುದು.

ತೀರ್ಥಮ್ಮ ಬಹಳ ಹುಡುಕಿದಳು. ಆ ಅಕ್ಷಯ ಭಂಡಾರದಲ್ಲಿ ಅಂದು ಏನೂ ಸಿಗಲಿಲ್ಲ.

"ಏನ್ ಹೇಳೋದು? ನೀವು ನಿಮ್ ಥರಾನೇ ಇದೀರ ಕಣ್ರೀ. ಬೇರೆ ಯಾರ ಥರಾನೂ ಇಲ್ಲ. ಕಾಲು ತೊಳ್ಕೊಂಡು ಬನ್ನಿ."

ಷಣ್ಮುಖಪ್ಪ ಜಗುಲಿಯ ಮೇಲೆ ಕೂತು ಪುಸ್ತಕ ಬಿಚ್ಚಿದ. ಪೂರ್ವಕ್ಕೆ: ಷಣ್ಮುಖಪ್ಪ. ಪಶ್ಚಿಮಕ್ಕೆ: ಷಣ್ಮುಖಪ್ಪ. ಉತ್ತರಕ್ಕೆ: ಥರ. ದಕ್ಷಿಣಕ್ಕೆ ಏನು ಬರೆಯಬೇಕೆಂದು ತೋಚದೆ, ಬದುಕಿನಲ್ಲಿ ಮೊದಲ ಸಲ ಒಂದು ದಿಕ್ಕನ್ನು ಖಾಲಿ ಬಿಟ್ಟ.

"ಹುಳಿ ಆರ್ತಾ ಇದೆ, ಬನ್ರೀ!" ಎಂದು ಒಳಗಿಂದ ಕೂಗು ಬಂತು. "ಹೆಂಗಾಗಿದೆ ಅಂತ ಮಾತ್ರ ಹೇಳ್ಬೇಡಿ!"

"ಹುಳಿ ಥರಾನೇ ಇರುತ್ತೆ ಬಿಡು" ಎಂದ ಷಣ್ಮುಖಪ್ಪ, ಛತ್ರಿ ಮಡಿಸುತ್ತಾ. ಇಪ್ಪತ್ತು ವರ್ಷದ ಹಿಂದೆಯೂ ಅವನು ಹೇಳಿದ್ದು ಇದನ್ನೇ. ಅಂದು ಅದು ಹೊಗಳಿಕೆಯೆಂದು ಅವನಿಗೇ ಗೊತ್ತಿರಲಿಲ್ಲ.